ಗಿರವಿ ಇಟ್ಟ ಮ್ಯಾಲ

ಲಾಲಬಾಗದ ಗಿರವಿ ಅಂಗಡ್ಯಾಗ
ನಿನ್ನ ಮನಿ ಬಿಚ್ಚಿ ಕೊಟ್ಟೆ, ಯಪ್ಪಾ.
ಅವ್ವ ಕೊಟ್ಟಿದ್ದ ಬೆಳ್ಳಿ ಕರಡಿಗಿ,
ಅಂಚಿಗೆ ಒಂದು ಸಣ್ಣ ತಗ್ಗು,
ಹಲ್ಲು ಬರೂ ಮುಂದ ಅಡಿವೆಪ್ಪ ಕಡದ ಗುರುತು.

ತಕ್ಕಡ್ಯಾಗ ಇಡೂದಕ್ಕ ಮೊದಲ
ಆ ಮಾರವಾಡಿ ಮುದುಕ ಕೈ ಹಿಂದ ತಗದ.
ಚಪ್ಪಲಿ ಬಿಟ್ಟ.
"ಒಳಗಿದ್ದಾಂವನ್ನ ನೀವ ತಗೀರಿ ಬಾಯಿ,
ನಾ ಮುಟ್ಟೂದಿಲ್ಲ" ಅಂದ.
ಮಾರಿ ಆ ಕಡೆ ತಿರುವಿ ಕುಂತ,
ಹೆರಿಗಿ ಖೋಲಿ ಹೊರಗ ಗಂಡಸರು ಕುಂತಿರತಾರಲ್ಲ, ಹಂಗ.

ಒಂಬತ್ತು ಸಾವಿರದ ಮುನ್ನೂರು.
ಎರಡು ಸೂಜಿಗೆ ಆತು. ಮೂರನೇದಕ್ಕ ಆಗಲಿಲ್ಲ.

ಸೆರಗಿನ ಚುಂಗು ಹರದು ನಿನ್ನ ಕಟ್ಟಿಕೊಂಡೆ.
ಅದ ಗಂಟಿನ್ಯಾಗ
ದವಾಖಾನಿ ಕಾರ್ಡು, ಊರಿಗೆ ಹೋಗೂ ಬಸ್ಸಿನ ರೊಕ್ಕ,
ಅರ್ಧ ಪಟ್ಟಿ ವಾಂತಿ ಗುಳಿಗಿ.
ಇಕ್ಕಟ್ಟ ಆಗೇತಿ ಅಂತ ಬೈಬ್ಯಾಡ.
ಪರೇಲಿನ ಈ ಗ್ವಾಡಿ ಮಗ್ಗಲಕ
ಹನ್ನೊಂದು ಮಂದಿ ಒಂದ ತಾಡಪತ್ರಿ ಕೆಳಗ ಅದೇವಿ.
ಬಿಹಾರದಾಕಿ ಮಗಳ ಬೋಳು ತಲಿಗೆ
ದಿನಾ ಎಣ್ಣಿ ಹಚ್ಚತಾಳ, ಕೂದಲ ಬರತಾವಂತ.
ರತ್ನಾಗಿರಿಯ ಚಾಚಾ ನಮಾಜಿಗೆ ನಿಂತಾಗ
ಯಾರರ ಮುಂದ ಹಾದರ ಸಿಟ್ಟಿಗೇಳತಾನ,
ಎಲ್ಲಿಂದ ಹಾಯೂಣು? ಇರೂದ ಮೂರು ಮೊಳ ದಾರಿ.

ಮುಂಜಾನೆ ಐದಕ್ಕ ನಳ ಬಿಟ್ಟಾಗ
ಬಾಟಲಿ ಮುಚ್ಚಳದಾಗ ನೀರು ಹಿಡದು
ಎಡಗೈಯಾಗ ನಿನ್ನ ಇಟ್ಟುಕೊಂಡರ
ಬಸ್ಸು ಹಾದಾಗೊಮ್ಮೆ ಅಂಗೈ ನಡಗತೈತಿ.
ಪತ್ರಿ ಇಲ್ಲ.
ದಾದರಿಗೆ ಹೊಂಟ ಟೆಂಪೋದಿಂದ ಬಿದ್ದ ಒಂದು ಚೆಂಡು ಹೂ,
ಅರ್ಧಾ ಗಾಲಿಗೆ ಸಿಕ್ಕದ್ದು, ಏರಸಿದೆ.
ಬ್ಯಾಡ ಅನ್ನಲಿಲ್ಲ ನೀ.

ಮೊದಮೊದಲ ಸಿಟ್ಟ ಮಾಡತಿದ್ದೆ.
ಕೂಲಿ ಮಾಡಿ ಬೆಳಸಿದ ತಮ್ಮ, ಮೂವತ್ತು ತುಂಬಿಲ್ಲ,
ಅಂವನ ಗಂಟಲದಾಗ ಗಂಟು ಕೊಟ್ಟು
ನೀ ಬೆಳ್ಳಿಯೊಳಗ ತಣ್ಣಗ ಕುಂತಿ ಅಂತ.
ಈಗ ಏನಂತ ಬೈಲಿ?
ನನಗೂ ಬಾಗಲಿಲ್ಲ, ನಿನಗೂ ಬಾಗಲಿಲ್ಲ.
ನಡುರಾತ್ರಿ ಮುನಸಿಪಾಲ್ಟಿಯವರು ಬಂದು ಎಬ್ಬಿಸಿದರ
ಇಬ್ಬರೂ ಏಳತೇವಿ.

ಮೊನ್ನೆ ಆ ಡಾಕ್ಟರ ಹುಡಿಗಿ, ಮಂಗಳೂರ ಕಡೆಯಾಕಿ,
ನನ್ನ ಮಗ್ಗಲಕ ಬಾಕಿನ ಮ್ಯಾಲ ಕುಂತು ಹೇಳಿದ್ಲು:
"ಅಕ್ಕಾ, ಇನ್ನು ನೋವು ಕಡಿಮೆ ಮಾಡ್ಲಿಕ್ಕೆ ಮಾತ್ರ."
ಮಾತ್ರೆ ಅಂದಾಳ ಅಂತ ತಿಳದು
"ಬರದ ಕೊಡ್ರಿ ಯವ್ವಾ, ತರತೇನಿ" ಅಂದೆ.
ಆಕಿ ಕನ್ನಡಕ ತಗದು ಒರಸಿಕೊಂಡಳು.
ಆಗ ತಿಳೀತು.

ಹೊರಗ ಬಂದೆ. ಅಳು ಬರಲಿಲ್ಲ.
ಕೈ ತಾನ ಎದಿಗೆ ಹೋತು.
ಬೆಳ್ಳಿ ಇದ್ದಾಗ ಗೊತ್ತಾಗಿದ್ದಿಲ್ಲ ನನಗ,
ನೀ ಬೆಚ್ಚಗ ಇರತೀ.
ನನ್ನ ಮೈಕಾವ ಇರಬೇಕು, ನಿಂದಲ್ಲ.
ಇರವಲ್ದ್ಯಾಕ. ಯಾರದರ ಆಗಲಿ.

ಕಳ್ಳರ ಕಾಟ ಭಾಳ ಇಲ್ಲೆ,
ನಿನ್ನ ಕಾಯಬೇಕಂತ ಗಂಟು ಮುಟಗ್ಯಾಗ ಹಿಡದು ಅಡ್ಡಾದೆ.
ಎಚ್ಚರಾದಾಗ ಮಾರಿ ಮ್ಯಾಲ ಬಿಸಲಿತ್ತು.
ಹದಿನೇಳು ದಿನದಾಗ ಅದ ಮೊದಲ ನಿದ್ದಿ.
ಯಾರು ಕಾಯ್ದರು ಯಾರನ್ನ, ಕೇಳಾಕ ಹೋಗಲಿಲ್ಲ.
ಚಹಾ ತಗೊಂಡು ವಾರ್ಡಿಗೆ ಹೋದೆ.

ದನಿ ಇಲ್ಲ ಅಡಿವೆಪ್ಪಗ, ತುಟಿ ಅಷ್ಟ:
"ಕರಡಿಗಿ?"
ತಿಕ್ಕಾಕ ಕೊಟ್ಟೇನಿ ಅಂದೆ.
ಸುಳ್ಳು ಅಂತ ಗೊತ್ತಾತು ಅಂವಗ. ನಕ್ಕ.
ಬಗ್ಗಿದೆ. ಅಂವ ಗಂಟಿನ ಮ್ಯಾಲ ಬೆರಳಿಟ್ಟು
ಅರಿವಿ ಮ್ಯಾಲ ಸುತ್ತಲೂ ಆಡಿಸಿದ,
ತನ್ನ ಹಲ್ಲಿನ ತಗ್ಗು ಹುಡಕತಾನ.
ಸಿಗಲಿಲ್ಲ.
ಬೆರಳ ಅಲ್ಲೇ ಬಿಟ್ಟು ಮಲಗಿದ.
ನಡಾ ನೋಯಾಕ ಹತ್ತೇತಿ, ಯಪ್ಪಾ,
ಇನ್ನೂ ಬಗ್ಗೇ ನಿಂತೇನಿ.