ಚೀಟಿ ಇಲ್ಲದ್ದು

ಅಡುಗೆಮನೆ ನನ್ನ ಪಾಲು.
ಮಂಚ, ಬೀರು, ವಾಷಿಂಗ್ ಮಷೀನು ಗಂಡಸರಿಗೆ;
ಗಾಜು, ಪಿಂಗಾಣಿ, ಎಣ್ಣೆ ಜಿಡ್ಡು ನನಗೆ.
ಇಪ್ಪತ್ತೆರಡು ವರ್ಷದಿಂದ ಈ ಬುಚಿಯೋನ್ ಊರಲ್ಲಿ
ಕಂಡವರ ಅಡುಗೆಮನೆ ಕಟ್ಟಿ ಕಳಿಸುತ್ತಿದ್ದೇನೆ.
ಕಂಪನಿಯಲ್ಲಿ ಎಲ್ಲರಿಗೂ ನಾನು ಚಿಕ್ಕಮ್ಮ.
ಹೆಸರು ಮಾಲ್‌ಸೂನ್. ಕಡೆಯವಳು ಎಂದರ್ಥ.
ಇನ್ನು ಹೆಣ್ಣು ಸಾಕು ಅಂತ ಅಪ್ಪ ಇಟ್ಟದ್ದು.
ಆಮೇಲೂ ಇಬ್ಬರು ಹುಟ್ಟಿದರು.

ಇವತ್ತು ಹದಿಮೂರನೇ ಮಹಡಿ.
ಪಿಲ್‌ಗು ಕೆಳಗಿನಿಂದ ಲಾರಿಯ ಏಣಿಯನ್ನು
ಬಾಲ್ಕನಿಗೆ ಆನಿಸಿ ಸೀಟಿ ಹೊಡೆದ.
ದಿನ ಒಳ್ಳೆಯದಲ್ಲ, ಭೂತ ಊರೊಳಗೆ ತಿರುಗುವ ದಿನ.
ಇಂಥ ದಿನ ಮನೆ ಬದಲಿಸುವವರು ಕಡಿಮೆ,
ಬಾಡಿಗೆಯೂ ಕಡಿಮೆ.
"ನಮಗಿನ್ನೇನು ಶಕುನ" ಅಂದಳಂತೆ ಹ್ಯೆರಾನ್
ಆಫೀಸಿಗೆ ಫೋನು ಮಾಡಿದಾಗ.

ಹಳದಿ ಚೀಟಿ ಮೊಕ್ಪೋಗೆ, ಅವಳ ಅಕ್ಕನ ಊರಿಗೆ.
ನೀಲಿ ಚೀಟಿ ಎರಡು ಬೀದಿಯಾಚೆ, ಒಂಟಿ ಕೋಣೆಗೆ.
ರಾತ್ರಿಯೆಲ್ಲ ಕೂತು ಅಂಟಿಸಿದ್ದಾರೆ ಇಬ್ಬರೂ
ತಪ್ಪಿಲ್ಲದೆ, ಜಗಳವಿಲ್ಲದೆ.
ಚಾಪ್‌ಸ್ಟಿಕ್ ಆರು ಜೊತೆ, ಆರು ಜೊತೆ.
ಮೆಣಸಿನಪುಡಿಯನ್ನು ತೂಗಿ ಎರಡು ಚೀಲ ಮಾಡಿದ್ದಾರೆ.
ಡ್ರಾಯರಿನ ತಳದಲ್ಲಿ ಕೋಳಿ ಅಂಗಡಿಯ ಕೂಪನ್ನು:
ಹತ್ತು ಕೂಡಿದರೆ ಒಂದು ಕೋಳಿ ಪುಕ್ಕಟೆ.
ಎಂಟು ಕೂಡಿದ್ದವು.
ನಾಲ್ಕಕ್ಕೆ ಹಳದಿ, ನಾಲ್ಕಕ್ಕೆ ನೀಲಿ.

ನಗು ಬಂತು. ಬಬಲ್ ಹಾಳೆ ಹರಿದು ಬಾಯಿ ಮುಚ್ಚಿಕೊಂಡೆ.

ಅನ್ನದ ಕುಕ್ಕರಿಗೆ ಮಾತ್ರ ಯಾವ ಚೀಟಿಯೂ ಇಲ್ಲ.
ಪ್ಲಗ್ಗು ಇನ್ನೂ ಗೋಡೆಯಲ್ಲಿದೆ,
ಮುಖದ ಮೇಲೆ ಕೆಂಪು ಅಂಕಿ: ಮೂವತ್ತೊಂದು.
ಮೂವತ್ತೊಂದು ಗಂಟೆಯಿಂದ ಒಳಗೇನೋ ಬಿಸಿಯಾಗಿದೆ.

ಅವನನ್ನು ಕೇಳಿದೆ, ಪುಸ್ತಕದ ಕೋಣೆಯಲ್ಲಿ.
"ಅವಳಿಗೆ ಕೊಡಿ. ಹೊಸ ಮನೆಗೆ ಮೊದಲು
ಕುಕ್ಕರು ಹೋಗಬೇಕಲ್ಲವೇ ಚಿಕ್ಕಮ್ಮ,
ದೂರದ ದಾರಿ ಅವಳದು."
ಅವಳನ್ನು ಕೇಳಿದೆ, ಬಚ್ಚಲಲ್ಲಿ ಬ್ರಷ್ ಎಣಿಸುತ್ತಿದ್ದಳು.
"ಜಿಂಟೇಗೆ ಕೊಡಿ. ನೀರಿನ ಅಳತೆ ಬರಲ್ಲ ಅವನಿಗೆ,
ಅದರೊಳಗೆ ಗೆರೆ ಇದೆ."
ನಡುವೆ ಮೂರು ಹೆಜ್ಜೆಯ ಪಡಸಾಲೆ.
ಕುಕ್ಕರಿನ ವೈರು ನೆಲಕ್ಕೆ ಎಳೆಯುತ್ತ
ನಾಲ್ಕು ಸಲ ಓಡಾಡಿದೆ.

ಮಧ್ಯಾಹ್ನ ಎಂದಿನಂತೆ ಕಪ್ಪು ನೂಡಲ್ಸ್ ಬಂತು,
ಮನೆ ಬದಲಿಸುವ ದಿನದ ಊಟ.
ಖಾಲಿ ನೆಲ, ಹಳೇ ಪತ್ರಿಕೆ, ಸುತ್ತ ಐದು ಜನ.
ಬಟ್ಟಲಲ್ಲಿ ಸಾರು ಮಿಕ್ಕಾಗ ಜಿಂಟೇ ಸುತ್ತ ನೋಡಿದ.
ಹ್ಯೆರಾನ್ ಎದ್ದಳು, ಮುಚ್ಚಳ ತೆಗೆದಳು.
ಅಂಚು ಹಳದಿಗಟ್ಟಿದ ಅನ್ನ, ಇಬ್ಬರ ಅಳತೆಯದು.
ಕೇಳಲಿಲ್ಲ, ಅವನ ಬಟ್ಟಲಿಗೆ ಎರಡು ಸೌಟು ಹಾಕಿದಳು.
ತನಗೂ ಹಾಕಿಕೊಂಡಳು.
ಪಿಲ್‌ಗು ಮೂಲಂಗಿ ಕಡಿಯುವ ಸದ್ದು
ಆ ಹೊತ್ತಿಗೆ ಇಡೀ ಕಟ್ಟಡಕ್ಕೆ ಕೇಳಿಸಿತು.

ಪಾತ್ರೆ ನಾನೇ ತೊಳೆದೆ.
ಜೇಬಿನಲ್ಲಿ ಎರಡೂ ಬಣ್ಣದ ಚೀಟಿ ಇದ್ದವು.
ಅಕ್ಕನ ಮನೆಯಲ್ಲಿ ಹೇಗೂ ಬಿಸಿ ಅನ್ನ ಇರುತ್ತದೆ.
ನೀಲಿ ಅಂಟಿಸಿದೆ.
ಇಬ್ಬರೂ ನೋಡಿದರು, ಯಾರೂ ಕೀಳಲಿಲ್ಲ.

ಕುಕ್ಕರು ಒಂಟಿಯಾಗಿ ಏಣಿಯ ತಟ್ಟೆಯಲ್ಲಿ ಇಳಿಯಿತು,
ಹದಿಮೂರು ಮಹಡಿ, ಬಿಸಿಲಲ್ಲಿ ಹೊಳೆಯುತ್ತ.
ಭೂತ ಅಲ್ಲೆಲ್ಲಾದರೂ ಇದ್ದರೆ ನೋಡಿರಬೇಕು.

ಎಲ್ಲರೂ ಇಳಿದ ಮೇಲೆ ಅಡುಗೆಮನೆಗೆ ಮತ್ತೆ ಹೋದೆ.
ಪ್ಲಗ್ಗಿನ ಮೇಲೆ, ಆವಿ ಬಡಿದು ಬಡಿದು
ಗೋಡೆಯ ಕಾಗದ ಅಂಗೈಯಗಲ ಉಬ್ಬಿತ್ತು.
ಅದನ್ನು ಸರಿಮಾಡುವುದು ನನ್ನ ಕೆಲಸದಲ್ಲಿಲ್ಲ.
ಒದ್ದೆ ಬಟ್ಟೆಯಲ್ಲಿ ಒತ್ತಿದೆ.
ಕೂತಿತು. ಕೈ ತೆಗೆದೆ,
ಮತ್ತೆ ಎದ್ದಿತು.