ಎತ್ತುವ ಲೆಕ್ಕ

ಹಸಿರಿಗೆ ಏಳು ಕೆಜಿ ಕಡಿಮೆ, ನೀಲಿಗೆ ಸೀಟು ತಗ್ಗು.
ರಾತ್ರಿ ಪಾಳಿಯಲ್ಲಿ, ವಾರ್ಡು ಮಲಗಿದ ಮೇಲೆ,
ಔಷಧಿ ಚೀಟಿಯ ಬೆನ್ನಿಗೆ ನಾಲ್ಕು ಸಲ ಬರೆದು ಹೊಡೆದಿದ್ದೆ.

ಈಗ ಹೆಲ್ಮೆಟ್ಟು ಕಂಕುಳಲ್ಲಿ. ಬ್ಯಾಲರಾಟಿನ ಚಳಿ
ಶೋರೂಮಿನ ಗಾಜಿಗೆ ಮೂಗೊತ್ತಿ ನಿಂತಿದೆ.
ಹಸಿರಿನ ಮೇಲೆ ಕೂತೆ: ತುದಿಗಾಲು.
ನೀಲಿಯ ಮೇಲೆ: ಹಿಮ್ಮಡಿಗೆ ನೆಲ ಸಿಕ್ಕಿತು,
ಕನ್ನಡಿ ತುಂಬ ಮಾತ್ರ ನನ್ನದೇ ಮೊಣಕೈ.

"ಎರಡೂ ಬೀಳುತ್ತವೆ, ಎರಡರ ಕವಚವೂ ಸೀಳುತ್ತದೆ,"
ಅಂದಳು ಗ್ಲೆನಿಸ್, ಚಹಾ ಊದುತ್ತ.
"ಮೊದಲ ಗಾಡಿಯನ್ನು ಬೀಳಿಸದವರಿಲ್ಲ.
ಯಾವುದನ್ನು ಎತ್ತಬಲ್ಲೆ, ಹೇಳು."

ನಕ್ಕೆ. ಹದಿನಾರು ವರ್ಷದಿಂದ
ಬಿದ್ದವರನ್ನೇ ಎತ್ತುತ್ತಿದ್ದೇನೆ:
ಮಂಡಿ ಮಡಿಸು, ಬೆನ್ನು ನೆಟ್ಟಗೆ, ಉಸಿರು ಬಿಡು.

ಹಳದಿ ಎಲ್ ಫಲಕ
ನೀಲಿಗೇ ಕಟ್ಟಿ, ಅಂದೆ.
ಹಸಿರಿನ ಸೀಟಿನಲ್ಲಿ
ಇನ್ನೂ ನನ್ನ ಬಿಸಿ.