ಅರ್ಥಿಂಗ್

ಬೆಳಿಗ್ಗೆ ಒಂದೇ ಚಾವಿಗೆ ಏಳುತ್ತದೆ.
ಕೋರ್ಟಿನ ಮುಂದೆ ಎರಡು ತಾಸು ಬಿಸಿಲುಂಡರೆ
ಟಕ್. ಬರೀ ಟಕ್.
ಸಂಜೆ ಮತ್ತೆ, ಏನೂ ಆಗಿಲ್ಲವೆಂಬಂತೆ.

ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್ ಬಿಚ್ಚಿಸಿದೆ.
ಮಾರುವಾಗ ಸೇಡಂನ ಡಾಕ್ಟರು
‘ಒಮ್ಮೊಮ್ಮೆ ರಗಳೆ’ ಎಂದಿದ್ದರು,
ಆ ಒಮ್ಮೊಮ್ಮೆಯ ಲೆಕ್ಕ ಹೇಳಿರಲಿಲ್ಲ.

ಗಂಜಿನ ಹಿಂದೆ ಲಾಡ್ಲೇಸಾಬನ ಶೆಡ್ಡು.
ಅವನೆದುರು ಹನ್ನೊಂದು ಸಲ ತಿರುವಿದೆ,
ಹನ್ನೊಂದು ಸಲವೂ ಎದ್ದಿತು ಹಲ್ಕಟ್ ಗಾಡಿ,
ಇನ್‌ಸ್ಪೆಕ್ಷನ್ ದಿನದ ಶಾಲೆಯಂತೆ.

‘ಕೆಟ್ಟಾಗ ತರ್ರಿ ಅಕ್ಕೋರೆ,
ನೆಟ್ಟಗಿದ್ದದ್ದು ನಾ ಏನ್ ರಿಪೇರಿ ಮಾಡ್ಲಿ?’
‘ಕೆಟ್ರ ತರೂದು ಹ್ಯಾಂಗ?’
ನಕ್ಕ. ಚಾ ತರಿಸಿದ.

ಶಹಾಬಾದಿ ಕಲ್ಲಿನ ಮೇಲೆ ಕೂತೆವು,
ಇಂಜಿನ್ನು ಬೇಯಲು ಬಿಟ್ಟು.
ದಾಲ್ ಮಿಲ್ಲಿನ ತೊಗರಿ ಧೂಳು
ಚಾದ ಮೇಲೆ ಕೆನೆಗಟ್ಟಿತು.
ಇಷ್ಟು ಆಸೆಯಿಂದ ನಾನು
ಯಾವ ಕೆಡುಕನ್ನೂ ಹಾರೈಸಿರಲಿಲ್ಲ.

ಮೂರೂ ಹತ್ತಕ್ಕೆ, ಟಕ್.
‘ಬಂತ್ರೀ!’ ಎಂದು ಚೀರಿದೆ
ಬೀಗರು ಬಂದ ಹಾಗೆ.

ಬಲ್ಬಿನ ಒಂದು ವಯರು ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಇಂಜಿನ್ನಿನ ಮೈಗೆ.
‘ಈಗ ತಿರುವ್ರಿ.’
ಹತ್ತಬಾರದ ಬಲ್ಬು ಹತ್ತಿತು.

‘ಕರೆಂಟ್ ಹೋಗೂದು ಬರೋಬ್ಬರಿ ಅದ,
ಹೊಳ್ಳಿ ಬರೂ ದಾರಿನೇ ಇಲ್ಲ.
ಅರ್ಥ ಸಡ್ಲ ಆಗ್ಯಾದ್ರಿ.’

ತಳದಲ್ಲೊಂದು ತಾಮ್ರದ ಜಡೆ, ಹಸಿರು ಕಿಲುಬು.
ಕಾಯ್ದರೆ ಬಿಡುತ್ತಿತ್ತು, ಆರಿದರೆ ಹಿಡಿಯುತ್ತಿತ್ತು
ಒಂದೇ ಒಂದು ಬೋಲ್ಟು.
ಮರಳು ಕಾಗದದಿಂದ ತಿಕ್ಕಿ, ಹತ್ತರ ಪಾನಾ ಹಾಕಿ ಬಿಗಿದ.
‘ಚಾದ್ದಷ್ಟ ಕೊಡ್ರಿ.’

ಈಗ ಉರಿಬಿಸಿಲಲ್ಲೂ ಏಳುತ್ತದೆ.
ಆದರೂ ಚಾವಿ ತಿರುವುವ ಮುಂಚೆ
ರೇಡಿಯೋ ಆರಿಸುತ್ತೇನೆ,
ಪಕ್ಕದವರಿಗೆ ಸುಮ್ಮನಿರಿ ಅನ್ನುತ್ತೇನೆ.